ಮಕ್ಕಳ ಎಚ್‌ಐವಿ ಚಿಕಿತ್ಸೆ: ತೂಕ ನೋಡದೆ ಮಾತ್ರೆ ಎಣಿಸಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನೌಕರಿ ಆರಂಭಿಸಿ, ಈಗಿನ ಎರಡೂ ಜಿಲ್ಲೆಗಳ ತಾಲ್ಲೂಕುಗಳನ್ನು ಸುತ್ತಿ, ನಿವೃತ್ತನಾಗಿ ದಾವಣಗೆರೆಯಲ್ಲಿ ನೆಲೆಸಿರುವ ಫಾರ್ಮಸಿಸ್ಟ್ ನಾನು. ಪ್ರತಿ ವರ್ಷ ಡಿಸೆಂಬರ್ 1ರ ಆಸುಪಾಸಿನಲ್ಲಿ ಎಚ್‌ಐವಿ ಕುರಿತ ಜಾಥಾಗಳ ಚಿತ್ರಗಳು, ಪ್ರತಿಜ್ಞಾ ಸ್ವೀಕಾರದ ವರದಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬ ವಿವರವೂ ಇರುತ್ತದೆ. ತಾಯಿಯಿಂದ ಸೋಂಕು ತಗುಲಿ, ಬುದ್ಧಿ ಬರುವ ಮುಂಚಿನಿಂದಲೇ ದಿನವೂ ಮಾತ್ರೆ ನುಂಗಬೇಕಾಗಿರುವ ಮಕ್ಕಳ ಚಿಕಿತ್ಸೆಯ ಬಗ್ಗೆ ಮಾತ್ರ ಒಂದು ಸಾಲು ಕಾಣುವುದು ಅಪರೂಪ. ಆ ಚಿಕಿತ್ಸೆಯಲ್ಲಿ ಸುಲಭವಾಗಿ ಕಡೆಗಣನೆಗೆ ಒಳಗಾಗುವ ಒಂದು ಸಂಗತಿಯನ್ನು, ಅಂದರೆ ಮಗುವಿನ ತೂಕವನ್ನು, ಓದುಗರ ಹಾಗೂ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಹೆಂಡತಿಯ ತವರು ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಎಆರ್‌ಟಿ (ಎಚ್‌ಐವಿಯನ್ನು ಅದುಮಿಡುವ ಔಷಧ ಚಿಕಿತ್ಸೆ) ಕೇಂದ್ರಕ್ಕೆ ಕರೆದುಕೊಂಡು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹಿಂತಿರುಗುವುದು ರೂಢಿ. ಗುರುತು ಸಿಗಬಾರದೆಂದು ಊರಿನ ಹೆಸರನ್ನು ಬರೆಯುತ್ತಿಲ್ಲ. ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹುಡುಗನಿಗೆ ತಂದೆ ತಾಯಿ ಇಬ್ಬರೂ ಇಲ್ಲ. ಕೆಲವು ವರ್ಷಗಳ ಹಿಂದೆ, ಅವನಿಗೆ ನಾಲ್ಕು ತುಂಬಿದ ಹೊತ್ತಿನಲ್ಲಿ, ಅಜ್ಜಿ ಬಂದವರು ಚಹಾ ಮುಟ್ಟಲಿಲ್ಲ. ‘ಅಳಿಯಂದ್ರೇ, ಹುಡುಗ ಮೈ ತುಂಬ್ಕಂಡಾನೆ, ನಾನು ಒಂದಿನಾನೂ ಮಾತ್ರೆ ತಪ್ಸಿಲ್ಲ. ಆದ್ರೂ ರಕ್ತದಾಗೆ ವೈರಸ್ ಜಾಸ್ತಿ ಆಗೈತಿ, ನೀನು ಸರಿಯಾಗಿ ಕೊಡ್ತಿಲ್ಲ ಅಂತ ನನ್ನೇ ಬೈದ್ರು’ ಎಂದು ಕಣ್ಣೀರು ಹಾಕಿದರು. ಅವರ ಕೈಚೀಲದಲ್ಲಿದ್ದ ಹಸಿರು ಪುಸ್ತಕವನ್ನು ತೆಗೆದು ನೋಡಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲದ ಭೇಟಿಗಳಲ್ಲಿ ತೂಕದ ಅಂಕಣದಲ್ಲಿ 9.5 ಎಂದೇ ಇತ್ತು. ಬೆಳೆಯುವ ಮಗುವಿನ ತೂಕ ಅಷ್ಟು ತಿಂಗಳು ಒಂದೇ ಕಡೆ ನಿಲ್ಲುವುದಿಲ್ಲ. ನಿಂತರೆ ಅದೇ ಒಂದು ಕಾಯಿಲೆಯ ಲಕ್ಷಣ. ಹುಡುಗನನ್ನು ಬೀದಿ ಕೊನೆಯ ನ್ಯಾಯಬೆಲೆ ಅಂಗಡಿಗೆ ಕರೆದೊಯ್ದು, ಅಕ್ಕಿ ತೂಗುವ ಯಂತ್ರದ ಮೇಲೆ ನಿಲ್ಲಿಸಿದೆ. 14 ಕಿಲೋ 200 ಗ್ರಾಂ ತೋರಿಸಿತು.

ಇದರ ಅರ್ಥವೇನೆಂದು ಕೊಂಚ ವಿವರಿಸಬೇಕು. ದೊಡ್ಡವರಿಗೆ ಎಆರ್‌ಟಿ ಎಂದರೆ ಬಹುಮಟ್ಟಿಗೆ ದಿನಕ್ಕೊಂದು ಮಾತ್ರೆ. ತೂಕ 50 ಕಿಲೋ ಇದ್ದರೂ 70 ಇದ್ದರೂ ಅದೇ ಮಾತ್ರೆ. ಮಕ್ಕಳಿಗೆ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳನ್ನು ತೂಕದ ಮೇಲೆ ಹಂತಗಳಾಗಿ ವಿಂಗಡಿಸಿದೆ: 3ರಿಂದ 5.9 ಕಿಲೋ, 6ರಿಂದ 9.9, 10ರಿಂದ 13.9, 14ರಿಂದ 19.9, 20ರಿಂದ 24.9. ಅಬಕಾವಿರ್ 120 ಮಿಲಿಗ್ರಾಂ ಹಾಗೂ ಲ್ಯಾಮಿವುಡಿನ್ 60 ಮಿಲಿಗ್ರಾಂ ಸೇರಿರುವ ನೀರಿನಲ್ಲಿ ಕರಗುವ ಮಾತ್ರೆಯನ್ನೂ, ಡೊಲುಟೆಗ್ರಾವಿರ್ 10 ಮಿಲಿಗ್ರಾಂನ ಕರಗುವ ಮಾತ್ರೆಯನ್ನೂ ತೆಗೆದುಕೊಂಡರೆ, ಎರಡನೇ ಹಂತದ ಮಗುವಿಗೆ ಪ್ರತಿಯೊಂದರಲ್ಲಿ ಒಂದೂವರೆ ಮಾತ್ರೆ, ಮೂರನೇ ಹಂತದಲ್ಲಿ ಎರಡು, ನಾಲ್ಕನೇ ಹಂತದಲ್ಲಿ ಎರಡೂವರೆ. ನಮ್ಮ ಅಜ್ಜಿಯ ಮೊಮ್ಮಗ ಎರಡು ಮೆಟ್ಟಿಲು ಹತ್ತಿ ಹೋಗಿದ್ದ. ಮಾತ್ರೆಗಳು ಎರಡನೇ ಹಂತದಲ್ಲೇ ಉಳಿದಿದ್ದವು. ಎರಡೂವರೆ ಬೇಕಾದ ಕಡೆ ಒಂದೂವರೆ. ಅಜ್ಜಿ ಒಂದು ದಿನವೂ ತಪ್ಪಿಸದೆ ಕೊಟ್ಟಿದ್ದರು, ನಿಜ. ತಪ್ಪಿಸದೆ ಕೊಟ್ಟದ್ದು ಕಡಿಮೆ ಔಷಧವನ್ನು.

ಆ ಕೇಂದ್ರದ ಸಿಬ್ಬಂದಿಯನ್ನು ದೂರುವ ಉದ್ದೇಶ ನನಗಿಲ್ಲ. ನಾನೂ ಅಂಥ ಕಿಟಕಿಯ ಹಿಂದೆ ನಿಂತವನೇ. ಬೆಳಗಿನ ಹತ್ತರಿಂದ ಒಂದರವರೆಗೆ ಸಾಲು ಕರಗದಿದ್ದಾಗ, ಊರಿನ ಬಸ್ಸು ತಪ್ಪುತ್ತದೆಂದು ಜನ ಒತ್ತಾಯ ಮಾಡುವಾಗ, ಹಿಂದಿನ ಪುಟದ ಅಂಕಿಯನ್ನು ಮುಂದಿನ ಪುಟಕ್ಕೆ ಇಳಿಸಿಬಿಡುವ ಆಮಿಷ ಎಷ್ಟು ಬಲವಾದದ್ದೆಂದು ಬಲ್ಲೆ. ಬಿಪಿ ಮಾತ್ರೆಯ ಸಾಲಿನಲ್ಲಿ ಅದು ಹೇಗೋ ನಡೆದೀತು. ಎಚ್‌ಐವಿ ಇರುವ ಮಗುವಿನ ವಿಷಯದಲ್ಲಿ ನಡೆಯುವುದಿಲ್ಲ. ಅದಕ್ಕೆ ಕಾರಣ ಈ ವೈರಸ್ಸಿನ ಸ್ವಭಾವ, ಮತ್ತು ಒಂದಲ್ಲದೆ ಮೂರು ಔಷಧಗಳನ್ನು ಕೂಡಿಸಿ ಏಕೆ ಕೊಡುತ್ತಾರೆ ಎಂಬುದರ ಹಿಂದಿನ ಲೆಕ್ಕ.

ಎಚ್‌ಐವಿ ರೋಗಗಳನ್ನು ಎದುರಿಸುವ ನಮ್ಮ ರಕ್ತದ ಸಿಡಿ4 ಕೋಶಗಳೊಳಗೆ ಹೊಕ್ಕು ತನ್ನ ಪ್ರತಿಗಳನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ಆದರೆ ಅದು ತಪ್ಪು ತಿದ್ದಿಕೊಳ್ಳದ ನಕಲುಗಾರ. ದಿನಕ್ಕೆ ಕೋಟಿಗಟ್ಟಲೆ ಹುಟ್ಟುವ ಪ್ರತಿಗಳಲ್ಲಿ ತಪ್ಪಾಗಿ ಹುಟ್ಟಿದ ಕೆಲವಕ್ಕೆ, ಆಕಸ್ಮಿಕವಾಗಿ, ಯಾವುದೋ ಒಂದು ಔಷಧ ತಾಗದೆ ಹೋಗುತ್ತದೆ. 1987ರಲ್ಲಿ ಜಿಡೊವುಡಿನ್ ಎಂಬ ಮೊದಲ ಔಷಧ ಬಂದಾಗ ಆದದ್ದೇ ಇದು: ಅದನ್ನೊಂದನ್ನೇ ಕೊಟ್ಟಾಗ ಮೊದಮೊದಲು ರೋಗಿ ಚೇತರಿಸಿಕೊಂಡರು, ಕೆಲವು ತಿಂಗಳಲ್ಲಿ ಆ ಔಷಧಕ್ಕೆ ಜಗ್ಗದ ವೈರಸ್ಸುಗಳೇ ಮೈತುಂಬ ಹಬ್ಬಿದವು. ಬೇರೆ ಬೇರೆ ಹಂತದಲ್ಲಿ ತಡೆಯುವ ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ, ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ ಎಂಬುದು 1996ರ ಹೊತ್ತಿಗೆ ಖಚಿತವಾಯಿತು. ಅಬಕಾವಿರ್ ಮತ್ತು ಲ್ಯಾಮಿವುಡಿನ್ ವೈರಸ್ಸಿನ ನಕಲಿನ ಸರಪಳಿಯಲ್ಲಿ ಹುಸಿ ಕೊಂಡಿಗಳಾಗಿ ಸೇರಿ ಅದನ್ನು ಅರ್ಧಕ್ಕೆ ನಿಲ್ಲಿಸಿದರೆ, ಡೊಲುಟೆಗ್ರಾವಿರ್ ಆ ನಕಲು ನಮ್ಮ ಕೋಶದ ಡಿಎನ್‌ಎಯೊಳಗೆ ಸೇರಿಕೊಳ್ಳದಂತೆ ತಡೆಯುತ್ತದೆ. ಮೂರೂ ಸಾಕಷ್ಟು ಪ್ರಮಾಣದಲ್ಲಿ ರಕ್ತದಲ್ಲಿದ್ದರೆ ಮಾತ್ರ ಈ ಕಾವಲು. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಸಾಕಾಯಿತೆಂಬುದನ್ನು ಚಿತ್ರದುರ್ಗದ ಜನರಿಗೆ ನಾನು ಹೇಳಿಕೊಡಬೇಕಿಲ್ಲ. ಔಷಧ ಪೂರ್ತಿ ನಿಂತರೆ ವೈರಸ್ಸು ಏರುತ್ತದೆ. ಅರೆಬರೆ ಪ್ರಮಾಣದಲ್ಲಿ ಮುಂದುವರಿದರೆ ಏರುವುದರ ಜೊತೆಗೆ ಔಷಧವನ್ನು ಎದುರಿಸುವುದನ್ನೂ ಕಲಿಯುತ್ತದೆ. ನಾಲ್ಕು ವರ್ಷದ ಮಗು ಹೀಗೆ ಒಂದು ಔಷಧವನ್ನು ಕಳೆದುಕೊಂಡರೆ, ಮುಂದಿನ ಐವತ್ತು ಅರವತ್ತು ವರ್ಷಕ್ಕೆ ಉಳಿಯುವ ಔಷಧಗಳೆಷ್ಟು ಎಂದು ಯೋಚಿಸಬೇಕು.

ಮಕ್ಕಳಿಗೆ ತಕ್ಕ ಔಷಧ ಇಷ್ಟಾದರೂ ದೊರೆತಿರುವುದು ದೊಡ್ಡ ಸಂಗತಿ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿಯು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುವುದಾಗಿ ಹೇಳಿದಾಗ ಜಗತ್ತೇ ಬೆರಗಾಯಿತು. ಅಲ್ಲಿಯವರೆಗೆ ಅದರ ಖರ್ಚು ವರ್ಷಕ್ಕೆ ಹತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಚಿತ ಎಆರ್‌ಟಿ ಕಾರ್ಯಕ್ರಮ ಆರಂಭಿಸಿತು. ಆಗ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಕ್ಕಳಿಗಾಗಿ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2006ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ದೊಡ್ಡವರ ಮಾತ್ರೆಯನ್ನೇ ಚಾಕುವಿನಿಂದ ಸೀಳಿ, ಅರ್ಧವೋ ಕಾಲೋ ಎಂದು ಕಣ್ಣಂದಾಜಿನಲ್ಲಿ ಕೊಡುವುದನ್ನು ನಾನೇ ಕಂಡಿದ್ದೇನೆ. ಮೂರು ಔಷಧ ಬೆರೆತ ಮಾತ್ರೆಯನ್ನು ಸೀಳಿದಾಗ ಪ್ರತಿ ತುಂಡಿಗೂ ಮೂರೂ ಸಮನಾಗಿ ಬರುತ್ತವೆಂಬ ಖಾತ್ರಿ ಇಲ್ಲ. ಪುಡಿ ಉದುರಿದ್ದಂತೂ ಲೆಕ್ಕಕ್ಕೇ ಇಲ್ಲ.

ಆಮೇಲೆ ಬಂದ ಲೋಪಿನಾವಿರ್-ರಿಟೊನಾವಿರ್ ಸಿರಪ್ಪಿನ ನೆನಪು ನನ್ನ ಕಾಲದ ಔಷಧಿ ವಿತರಕರಿಗೆ ಮರೆಯುವಂಥದ್ದಲ್ಲ. ಔಷಧವೇನೋ ಬಲವಾದದ್ದು. ಹಿಂದೆ ತಾಯಿಗೆ ಹೆರಿಗೆ ವೇಳೆ ನೆವಿರಾಪಿನ್ ಒಂದನ್ನೇ ಕೊಟ್ಟಿದ್ದರಿಂದ, ಸೋಂಕು ತಗುಲಿಸಿಕೊಂಡೇ ಹುಟ್ಟಿದ ಎಷ್ಟೋ ಮಕ್ಕಳಲ್ಲಿ ಆ ಔಷಧ ಕೆಲಸ ಮಾಡುತ್ತಿರಲಿಲ್ಲ. ಅಂಥವರಿಗೆ ಇದೇ ಆಸರೆ. ಆದರೆ ಅದರಲ್ಲಿ ಶೇ 42ರಷ್ಟು ಆಲ್ಕೋಹಾಲು, ರುಚಿ ಬೇವಿಗಿಂತ ಕಹಿ, ಇಡಬೇಕಾದದ್ದು ಫ್ರಿಜ್ಜಿನಲ್ಲಿ. ಹೊರಗಿಟ್ಟರೆ 25 ಡಿಗ್ರಿ ಮೀರದ ಜಾಗದಲ್ಲಿ ಎರಡು ತಿಂಗಳು ಮಾತ್ರ ಬಳಸಬಹುದು. ಏಪ್ರಿಲ್ ತಿಂಗಳ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ 25 ಡಿಗ್ರಿಯ ಜಾಗ ಎಲ್ಲಿದೆ? ನಮ್ಮ ಅಜ್ಜಿ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯೊಳಗೆ ಇಡುತ್ತಿದ್ದರು. ಹುಡುಗ ಉಗಿಯದಿರಲೆಂದು ನಾಲಿಗೆಗೆ ಮೊದಲು ಜೋನಿಬೆಲ್ಲ ಸವರುತ್ತಿದ್ದರು. 2017ರಲ್ಲಿ ಈ ಕಹಿ ಸಿರಪ್ಪೂ ಸಿಗದೆ, ದೇಶದ ಹಲವು ಕಡೆಯ ಎಚ್‌ಐವಿ ಸೋಂಕಿತ ಮಕ್ಕಳು ಪ್ರಧಾನಿಗೆ ಪತ್ರ ಬರೆದದ್ದನ್ನು ಕೆಲವು ಓದುಗರಾದರೂ ನೆನಪಿಟ್ಟಿರಬಹುದು.

ಆ ಕಾಲಕ್ಕೆ ಹೋಲಿಸಿದರೆ ಡೊಲುಟೆಗ್ರಾವಿರ್‌ನ ಕರಗುವ ಮಾತ್ರೆ ವರದಾನವೇ ಸರಿ. ಒಂದೆರಡು ಚಮಚ ನೀರಿನಲ್ಲಿ ಕದಡಿ ಕುಡಿಸಬಹುದು, ಹಣ್ಣಿನ ರುಚಿ, ಫ್ರಿಜ್ಜು ಬೇಡ. ನಾಲ್ಕು ವಾರ ತುಂಬಿದ, ಮೂರು ಕಿಲೋ ಮೀರಿದ ಶಿಶುವಿಗೂ ಕೊಡಬಹುದೆಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿತು. ವಿಶ್ವ ಆರೋಗ್ಯ ಸಂಸ್ಥೆಯೂ ಮಕ್ಕಳ ಮೊದಲ ಆಯ್ಕೆಯ ಔಷಧವಾಗಿ ಇದನ್ನೇ ಸೂಚಿಸುತ್ತದೆ. ಆಫ್ರಿಕಾ, ಥಾಯ್ಲೆಂಡ್ ಮತ್ತು ಯುರೋಪಿನ 14 ಕಿಲೋ ಮೀರಿದ 707 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಒಡಿಸ್ಸಿ ಅಧ್ಯಯನದಲ್ಲಿ, ಸುಮಾರು ಎರಡು ವರ್ಷಗಳ ಅವಧಿಯಲ್ಲಿ ಹಳೆಯ ಚಿಕಿತ್ಸೆ ಪಡೆದವರಲ್ಲಿ ಶೇ 22 ಮಕ್ಕಳಿಗೆ ಚಿಕಿತ್ಸೆ ವಿಫಲವಾದರೆ, ಡೊಲುಟೆಗ್ರಾವಿರ್ ಪಡೆದವರಲ್ಲಿ ಅದು ಶೇ 14. ಅಬಕಾವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಕ್ಕಳ ಒಂದೇ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ನಮ್ಮ ದೇಶದ ಕಂಪನಿಗಳೇ ಅದನ್ನು ಕಡಿಮೆ ಬೆಲೆಗೆ ತಯಾರಿಸಿ ಆಫ್ರಿಕಾದ ದೇಶಗಳಿಗೆ ಕಳುಹಿಸುತ್ತಿವೆ. ಹೈದರಾಬಾದಿನಿಂದ ನೈಜೀರಿಯಾ ತಲುಪುವ ಮಾತ್ರೆ ದಾವಣಗೆರೆಯ ಮಗುವಿಗೂ ತಪ್ಪದೆ ದೊರೆಯಬೇಕು ಎಂದು ಕೇಳುವುದು ಹೆಚ್ಚಿನ ಆಸೆಯೇನಲ್ಲ.

ಆದರೆ ಎಷ್ಟೇ ಒಳ್ಳೆಯ ಮಾತ್ರೆಯಾದರೂ ಮಗುವನ್ನು ಹುಡುಕಿಕೊಂಡು ಹೋಗುವುದಿಲ್ಲ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ, ಶಿಶುಗಳಿಗೆ ಪ್ರತಿಕಾಯಗಳನ್ನು ಹುಡುಕುವ ಸಾಮಾನ್ಯ ಎಚ್‌ಐವಿ ಪರೀಕ್ಷೆ ಉಪಯೋಗಕ್ಕೆ ಬಾರದು. ಆರನೇ ವಾರದಲ್ಲಿ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಕಳುಹಿಸಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಆಗಬೇಕು. ದಕ್ಷಿಣ ಆಫ್ರಿಕಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಗಲಕ್ಷಣ ಕಾಣುವವರೆಗೆ ಕಾಯದೆ ಮೊದಲ ಮೂರು ತಿಂಗಳೊಳಗೇ ಚಿಕಿತ್ಸೆ ಆರಂಭಿಸಿದರೆ ಶಿಶುಗಳ ಸಾವು ಶೇ 76ರಷ್ಟು ಇಳಿಯುತ್ತದೆಂದು ತೋರಿಸಿತು. ಚಿಕಿತ್ಸೆಯೇ ಸಿಗದಿದ್ದರೆ ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡನೇ ಹುಟ್ಟುಹಬ್ಬ ಕಾಣುವುದಿಲ್ಲ.

ನಮ್ಮ ಕಡೆ ಈ ಆರನೇ ವಾರ ಎಲ್ಲಿ ಕಳೆದುಹೋಗುತ್ತದೆಂದು ಗಮನಿಸಿ. ಹೊಸದುರ್ಗದಲ್ಲಿ ಗಂಡನ ಮನೆ, ಹೆಸರು ನೋಂದಣಿ ಅಲ್ಲಿ; ಚೊಚ್ಚಲ ಹೆರಿಗೆಗೆ ತವರು, ಅದು ಚನ್ನಗಿರಿಯಲ್ಲಿ. ಬಾಣಂತನದ ಮೂರು ನಾಲ್ಕು ತಿಂಗಳು ಅಲ್ಲೇ. ತನಗೆ ಸೋಂಕಿರುವುದನ್ನು ತವರಿನಲ್ಲಿ ಹೇಳದ ಹೆಣ್ಣುಮಗಳು, ಮಗುವಿಗೆ ಕೊಡಬೇಕಾದ ನೆವಿರಾಪಿನ್ ಹನಿಯನ್ನು ತನ್ನ ತಾಯಿಯ ಕಣ್ಣು ತಪ್ಪಿಸಿ ಕುಡಿಸಬೇಕು. ಆರನೇ ವಾರ ಮಗುವನ್ನು ಎತ್ತಿಕೊಂಡು ಪೇಟೆಯ ಆಸ್ಪತ್ರೆಗೆ ಹೋಗಲು ನೆಪ ಹುಡುಕಬೇಕು. ಒಂದು ಜಿಲ್ಲೆಯ ಆಶಾ ಕಾರ್ಯಕರ್ತೆ ‘ತವರಿಗೆ ಹೋಗಿದ್ದಾರೆ’ ಎಂದು ಬರೆದುಕೊಂಡರೆ, ಇನ್ನೊಂದು ಜಿಲ್ಲೆಯವರಿಗೆ ಆಕೆ ಬಂದದ್ದೇ ತಿಳಿದಿರುವುದಿಲ್ಲ. ಗರ್ಭಿಣಿಗೆ ಸಕಾಲದಲ್ಲಿ ಮೂರು ಔಷಧದ ಚಿಕಿತ್ಸೆ ದೊರೆತರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆಯನ್ನು ಶೇ 5ಕ್ಕಿಂತ ಕೆಳಗೆ ತರಬಹುದು. ಹಾಗೆ ತಂದ ಮೇಲೂ ಉಳಿದ ಕೆಲವೇ ಶಿಶುಗಳು ಕಳೆದುಹೋಗುವುದು ಈ ತವರಿನ ದಾರಿಯಲ್ಲೇ ಎಂಬುದು ನನ್ನ ಅನುಭವ. ಎರಡು ಜಿಲ್ಲೆಗಳ ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಲಹಾ ಕೇಂದ್ರ) ಆಪ್ತ ಸಮಾಲೋಚಕರು, ಗೋಪ್ಯತೆ ಕಾಪಾಡಿಕೊಂಡೇ, ಹೆರಿಗೆಗೆ ಒಂದು ತಿಂಗಳ ಮೊದಲು ಪರಸ್ಪರ ಒಂದು ದೂರವಾಣಿ ಕರೆ ಮಾಡಿದರೆ ಇದು ಬಹುಪಾಲು ಸರಿಹೋಗುತ್ತದೆ.

ಇನ್ನೊಂದು ಸಣ್ಣ ವಿಷಯ, ಸಣ್ಣದಾದರೂ ಯಾರೂ ಹೇಳದ್ದು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಡೊಲುಟೆಗ್ರಾವಿರ್ ಜೊತೆಗೆ ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ತೆಗೆದುಕೊಂಡರೆ ತೊಂದರೆಯಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದರ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುವುದರಿಂದ, ಆ ಚಿಕಿತ್ಸೆ ನಡೆಯುವಾಗ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಹಾಗಾಗಿ ಮಗುವಿಗೆ ಬೇರೆಲ್ಲಿ ಯಾವ ಔಷಧ ಬರೆದುಕೊಟ್ಟರೂ ಎಆರ್‌ಟಿ ಕೇಂದ್ರದಲ್ಲಿ ತೋರಿಸಲೇಬೇಕು. ಈ ಪತ್ರ ಓದಿ ಮನೆಯಲ್ಲೇ ಮಾತ್ರೆ ಹೆಚ್ಚು ಕಡಿಮೆ ಮಾಡಲು ಯಾರೂ ಹೋಗಬಾರದು. ತೂಕ ನೀವು ನೋಡಿ, ಪ್ರಮಾಣವನ್ನು ವೈದ್ಯರು ನಿರ್ಧರಿಸಲಿ.

ಅಜ್ಜಿಯ ಮನೆಯಲ್ಲಿ ಮಾತ್ರೆ ಡಬ್ಬಿಯ ಮೇಲಿನ ಚೀಟಿಯನ್ನು ಕಿತ್ತು ಹಾಕಿದ್ದಾರೆ. ಅಕ್ಕಪಕ್ಕದವರು ಓದಿಯಾರೆಂಬ ಭಯ. ಚೀಟಿ ಕಿತ್ತ ಮೇಲೆ ಯಾವ ಡಬ್ಬಿ ಯಾವುದೆಂದು ಅವರು ಗುರುತು ಹಿಡಿಯುವುದು ಮುಚ್ಚಳಕ್ಕೆ ಕಟ್ಟಿದ ದಾರದಿಂದ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಸೋಂಕಿನ ಕಾರಣಕ್ಕೆ ಭೇದ ಮಾಡುವುದನ್ನು ನಿಷೇಧಿಸುತ್ತದೆ. ತಂದೆ ತಾಯಿ ಇಲ್ಲದ ಮನೆಗಳಿಗೆ ಸಂಬಂಧಿಸಿದ ಒಂದು ಅವಕಾಶ ಅದರಲ್ಲಿದೆ, ಹೆಚ್ಚು ಜನರಿಗೆ ಗೊತ್ತಿಲ್ಲ: ಹನ್ನೆರಡು ತುಂಬಿದ, ತಿಳಿವಳಿಕೆಯುಳ್ಳ, ಮನೆಯ ವ್ಯವಹಾರ ನೋಡಿಕೊಳ್ಳುತ್ತಿರುವ ಅಕ್ಕ ಅಥವಾ ಅಣ್ಣ, ಹದಿನೆಂಟು ತುಂಬದಿದ್ದರೂ, ಚಿಕಿತ್ಸೆ ಮತ್ತು ಶಾಲಾ ಪ್ರವೇಶದಂಥ ವಿಷಯಗಳಲ್ಲಿ ತಮ್ಮ ತಂಗಿಯರ ಪಾಲಕರಾಗಬಹುದು. ಅಜ್ಜಿಗೆ ಕಾಲುನೋವೆಂದು ಅಕ್ಕ ತಮ್ಮನನ್ನು ಕರೆತಂದಾಗ ‘ದೊಡ್ಡವರು ಯಾರೂ ಇಲ್ಲವೇ’ ಎಂದು ಹಿಂದಕ್ಕೆ ಕಳುಹಿಸುವ ಮುನ್ನ ಸಿಬ್ಬಂದಿ ಈ ಅವಕಾಶವನ್ನು ನೆನೆಯಬೇಕು.

ನನ್ನ ಕೋರಿಕೆ ಹೆಚ್ಚೇನಿಲ್ಲ. ಎರಡೂ ಜಿಲ್ಲೆಗಳ ಪ್ರತಿ ಎಆರ್‌ಟಿ ಕೇಂದ್ರದಲ್ಲೂ, ಅವುಗಳ ಪರವಾಗಿ ಔಷಧ ವಿತರಿಸುವ ತಾಲ್ಲೂಕುಗಳ ಲಿಂಕ್ ಕೇಂದ್ರಗಳಲ್ಲೂ, ಮಗುವನ್ನು ತೂಗುವ ಯಂತ್ರ ಔಷಧಿ ಕಿಟಕಿಯ ಪಕ್ಕದಲ್ಲೇ ಇರಲಿ. ಅಂದಿನ ತೂಕ ಬರೆಯದ ಪುಸ್ತಕಕ್ಕೆ ಫಾರ್ಮಸಿಸ್ಟ್ ಮಾತ್ರೆ ಎಣಿಸದಿರಲಿ. ತೂಕದ ಹಂತಗಳ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಗೋಡೆಗೆ ಹಚ್ಚಲು ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ಹೆಚ್ಚು ಖರ್ಚಾಗದು. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಏರಿದ ಮಗುವಿನ ಮನೆಯವರನ್ನು ಗದರುವ ಮುಂಚೆ, ಒಮ್ಮೆ ಆ ಮಗುವನ್ನು ತೂಗಲಿ.

ಅಂದು ಮಧ್ಯಾಹ್ನವೇ ಅಜ್ಜಿಯನ್ನು ಕರೆದುಕೊಂಡು ನಾನು ಕೇಂದ್ರಕ್ಕೆ ಹಿಂತಿರುಗಿದೆ. ವೈದ್ಯರು ಪುಸ್ತಕ ನೋಡಿ, ಹುಡುಗನನ್ನು ಸ್ವತಃ ತೂಗಿ, ಒಂದು ಮಾತೂ ಆಡದೆ ಪ್ರಮಾಣ ತಿದ್ದಿದರು. ಆಮೇಲೆ ಅಜ್ಜಿಯ ಬಳಿ ಬಂದು ‘ತಪ್ಪು ನಮ್ಮದಮ್ಮ’ ಎಂದರು. ಅಷ್ಟು ಹೇಳಿದ ವೈದ್ಯರಿಗೆ ನಾನು ಇಂದಿಗೂ ಋಣಿ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ವೈರಲ್ ಲೋಡ್ ಮಿಲಿಲೀಟರಿಗೆ 1,000 ಪ್ರತಿಗಳಿಗಿಂತ ಬಹಳ ಕೆಳಗೆ ಇಳಿದಿತ್ತು. ಅದಾದ ಮುಂದಿನ ಪರೀಕ್ಷೆಯಲ್ಲಿ ಕಾಣಸಿಗದಷ್ಟು. ಅವನೀಗ ಒಂದನೇ ತರಗತಿಯಲ್ಲಿದ್ದಾನೆ, ಪ್ರತಿ ಭೇಟಿಯ ನಂತರ ಮಂಡಕ್ಕಿ ಮಿರ್ಚಿ ಕೊಡಿಸದಿದ್ದರೆ ಬಸ್ಸು ಹತ್ತುವುದಿಲ್ಲ. ಕಳೆದ ಸಲ ನ್ಯಾಯಬೆಲೆ ಅಂಗಡಿಯ ಯಂತ್ರ 19 ಕಿಲೋ 600 ಗ್ರಾಂ ತೋರಿಸಿತು. 20 ದಾಟಿದರೆ ಕರಗುವ ಮಾತ್ರೆ ಬಿಟ್ಟು ದೊಡ್ಡವರು ನುಂಗುವ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಮಾತ್ರೆಗೆ ಬದಲಾಯಿಸಬಹುದು. ಮುಂದಿನ ತಿಂಗಳು ಕೇಂದ್ರಕ್ಕೆ ಹೋದಾಗ ಅದನ್ನು ಕೇಳಬೇಕೆಂದು ಅಜ್ಜಿಗೆ ಹೇಳಿಟ್ಟಿದ್ದೇನೆ.

ಇತಿ,
ನಿವೃತ್ತ ಫಾರ್ಮಸಿಸ್ಟ್, ದಾವಣಗೆರೆ
(ಮಗುವಿನ ಗುರುತು ಹೊರಬೀಳದಿರಲೆಂದು ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.)